ಸಿಗ್ನೆ ತಮ್ಮನನ್ನು ಹಿಮದಿಂದ ಅಗೆದು ತೆಗೆದದ್ದು

ಸಿಗ್ನೆ ಲೋಕೆನ್‌ಳ ಏಟು ತಿನ್ನದ ಗಂಡಸರು ಬೆಲ್ಲಾ ಕೂಲಾ ಕಣಿವೆಯಲ್ಲಿ ಕಡಿಮೆ. ಗಂಡ ಮೀನಿನ ದೋಣಿಯ ಜೊತೆ ಮುಳುಗಿದ ಮೇಲೆ ತಮ್ಮ ಟೋರ್ವಾಲ್‌ನನ್ನು ಜೊತೆ ಮಾಡಿಕೊಂಡು ಬೆಟ್ಟಕ್ಕೆ ಹತ್ತಿದಳು. ಬೋನಿಟ್ಟು ಮುಂಗುಸಿಯಂಥ ಮಾರ್ಟನ್‌ಗಳನ್ನು ಹಿಡಿಯುವುದು, ತುಪ್ಪಳ ಮಾರುವುದು. ಅದೇ ಅವರ ಅನ್ನ.

ನಮ್ಮದು ಕಡಲ ಗಾಳಿ ತರುವ ಹಿಮ. ಒದ್ದೆ, ಭಾರ. ಬಿರುಗಾಳಿ ನಿಂತು ಎರಡು ರಾತ್ರಿ ಕಳೆದರೆ ತನ್ನ ಭಾರಕ್ಕೆ ತಾನೇ ಕುಗ್ಗಿ ಗಾರೆಯಂತೆ ಬಿಗಿಯುತ್ತದೆ. ಎರಡು ರಾತ್ರಿ ಕಾಯುವುದು, ಆಮೇಲೆ ಇಳಿಜಾರು ದಾಟುವುದು ನಮ್ಮ ಅಜ್ಜಂದಿರು ಹಾಕಿಕೊಟ್ಟ ಪದ್ಧತಿ. ಆದರೆ ಆ ವರ್ಷ ಬಿರುಗಾಳಿಗೆ ಮುಂಚೆ ಒಳನಾಡಿನ ಒಣಚಳಿ ಇಳಿದುಬಂದು ಬೀಡುಬಿಟ್ಟಿತು. ಹಿಮದ ಮೈಮೇಲೆ ಹಕ್ಕಿಗರಿಯಂಥ ಹರಳುಗಳು ಎದ್ದವು. ಅವುಗಳ ಮೇಲೆ ಕಡಲು ಆಳೆತ್ತರ ಹಿಮ ಸುರಿಯಿತು. ಹಾಸುಗಲ್ಲಿನಡಿ ಸಾಸಿವೆ ಚೆಲ್ಲಿದ ಹಾಗೆ ಆ ಗರಿಗಳು ಕೆಳಗೇ ಉಳಿದವು.

ಎರಡು ರಾತ್ರಿ ಗುಡಿಸಲಲ್ಲಿ ಕಾದು, ಬೆಳಗ್ಗೆ ಅಕ್ಕತಮ್ಮ ಇಳಿಜಾರಿನ ಅಂಚಿಗೆ ಬಂದರು.

"ಅಕ್ಕ, ಇವತ್ತು ಬೇಡ ಕಣೇ. ಕಾಲಿಟ್ಟ ಕಡೆಯೆಲ್ಲ ಧುಮ್ ಅಂತಿದೆ."

"ಅದು ನಿನ್ನ ಎದೆ ಬಡ್ಕೊಳ್ಳೋದು. ಎರಡು ರಾತ್ರಿ ಆಯ್ತಲ್ಲೋ."

"ಒಂದಿನ ನೋಡೋಣ."

"ಬೋನಲ್ಲಿ ಬಿದ್ದದ್ದನ್ನ ನರಿ ತಿನ್ಲಿ ಅಂತೀಯಾ? ನನ್ನ ಲಂಗ ಕೊಡ್ತೀನಿ, ಉಟ್ಕೊಂಡು ಒಲೆ ಮುಂದೆ ಕೂತಿರು."

ಹಗುರ ಇರುವವರು ಮೊದಲು ದಾಟಬೇಕು; ಸೊಂಟಕ್ಕೆ ಕಟ್ಟಿದ ಕೆಂಪು ದಾರವನ್ನು ಹಿಂದೆ ಹರಿಯಬಿಡಬೇಕು. ಮನುಷ್ಯ ಹೂತುಹೋದರೂ ದಾರ ಮೇಲೆ ಉಳಿದು ದಿಕ್ಕು ತೋರಿಸುತ್ತದೆ. ಅಕ್ಕನಿಗಿಂತ ಹಗುರನಾದ ಟೋರ್ವಾಲ್ ದಾರ ಬಿಟ್ಟುಕೊಂಡು ನಡೆದ.

ನಡುಮಧ್ಯ ತಲುಪಿದಾಗ ಮೇಲೆ ಕೋವಿ ಹಾರಿದಂಥ ಸದ್ದು. ಇಳಿಜಾರಿನ ಒಂದು ಮಗ್ಗುಲು ಇಡಿಯಾಗಿ ಹರಿದು ಜಾರಿತು. ಹೆಮ್ಮರಗಳು ಲಟಲಟನೆ ಮುರಿದವು. ಟೋರ್ವಾಲ್‌ನ ತೋಳೊಂದು ಮೇಲೆದ್ದು ಸುಳಿಯೊಳಗೆ ಹೋಯಿತು. ಆಮೇಲೆ ಏನೂ ಇಲ್ಲ.

ಉಳಿದರ್ಧ ಹಿಮ ಮೇಲೆ ಇನ್ನೂ ನೇತಾಡುತ್ತಿತ್ತು. ಸಿಗ್ನೆ ಅತ್ತ ನೋಡದೆ ಕೆಳಗೋಡಿದಳು. ಕೆಂಪು ದಾರ ಸಿಕ್ಕಿತು, ಎಳೆದಳು. ತುಂಡು ಕೈಗೆ ಬಂತು. ಅದು ಬಿದ್ದಿದ್ದ ಜಾಗದ ಸುತ್ತ ಮುರಿದ ಕೊಂಬೆಯಿಂದ ಚುಚ್ಚುತ್ತಾ ಹೋದಳು. ಗಟ್ಟಿ, ಗಟ್ಟಿ, ಮತ್ತೂ ಗಟ್ಟಿ. ಒಂದು ಕಡೆ ಕೊಂಬೆ ಮೆತ್ತಗೆ ಪುಟಿಯಿತು. ಹಿಮದ ಮೇಲೆ ನಡೆಯುವ ಅಗಲದ ಮೆಟ್ಟು ಕಳಚಿ ಅದರಿಂದಲೇ ಅಗೆದಳು. ಅದು ಮುರಿಯಿತು. ಬೆರಳಿನಿಂದ ಅಗೆದಳು. ಉಗುರು ಕಿತ್ತು ಹಿಮವೆಲ್ಲ ಕೆಂಪಾಯಿತು.

ಮುಖ ಸಿಕ್ಕಾಗ ನೀಲಿಗಟ್ಟಿತ್ತು, ಬಾಯಿ ತುಂಬ ಹಿಮ. ಬೆರಳು ತೂರಿಸಿ ಮೀಟಿದ ರಭಸಕ್ಕೆ ಅವನದೊಂದು ಹಲ್ಲು ಮುರಿಯಿತು. ಕೆನ್ನೆಗೆ ಬಾರಿಸಿದಳು, ಎದೆಗೆ ಗುದ್ದಿದಳು. ಅವನು ರಕ್ತ ಕಕ್ಕಿ ಉಸಿರೆಳೆದ. ತೊಡೆಯ ಮೂಳೆ ಷರಾಯಿ ಸೀಳಿ ಹೊರಗೆ ಬಂದಿತ್ತು.

"ಬಿಟ್ಟು ಹೋಗೇ. ಮೇಲಿಂದೂ ಬರುತ್ತೆ."

"ಬಾಯ್ಮುಚ್ಚು."

ಕೊರಳಪಟ್ಟಿ ಹಿಡಿದು ಎಳೆದಳು. ಅವನು ಪ್ರಾಣಿಯ ಹಾಗೆ ಅರಚಿದ. ಅಂಚಿನಲ್ಲಿ ಉಳಿದಿದ್ದ ದೊಡ್ಡ ಮರಗಳ ಹಿಂದೆ ತಲುಪುವಷ್ಟರಲ್ಲಿ ಉಳಿದರ್ಧವೂ ಬಿದ್ದು, ಅವಳು ಅಗೆದ ಗುಂಡಿಯನ್ನು ಮುಚ್ಚಿಹಾಕಿತು.

ಟೋರ್ವಾಲ್ ಬದುಕಿದ. ಮುರಿದ ಕಾಲನ್ನು ತೊಡೆಯವರೆಗೆ ಕಡಿಯಬೇಕಾಯಿತು. ಬೇಸಿಗೆ ಮುಗಿದರೂ ಅಕ್ಕನೊಡನೆ ಒಂದು ಮಾತೂ ಆಡಲಿಲ್ಲ. ಅವಳು ಬಡಿಸಿದ್ದನ್ನು ಗೋಡೆಗೆ ಮುಖ ಮಾಡಿ ತಿಂದ.

ಒಂದು ದಿನ ಅಂಗಡಿಯಲ್ಲಿ ಮುದುಕ ಓಸ್ಮುಂಡ್ ಸಮಾಧಾನ ಹೇಳಲು ಬಂದ. "ಎರಡು ರಾತ್ರಿ ಕಾದಿದ್ದೆಯಲ್ಲಮ್ಮ, ನಿಂದೇನೂ ತಪ್ಪಿಲ್ಲ. ಹುಡುಗನ ಹಣೆಬರಹ."

ಸಿಗ್ನೆ ಅವನ ದವಡೆಗೆ ಬಿಟ್ಟಳು. ಮುದುಕ ಹಿಟ್ಟಿನ ಮೂಟೆಯ ಮೇಲೆ ಬಿದ್ದ.

"ಅವನು ಬೇಡ ಅಂದಿದ್ದ," ಅಂದಳು, ಅಂಗಡಿಗೆಲ್ಲ ಕೇಳುವಂತೆ. "ನಾನು ಲಂಗ ಉಟ್ಕೋ ಅಂತ ಹೀಯಾಳಿಸಿ ನೂಕಿದೆ. ಹಣೆಬರಹ ಅಂತೆ."

ಬಾಗಿಲ ಬಳಿ ಊರುಗೋಲಿಗೆ ಆತು ನಿಂತಿದ್ದ ಟೋರ್ವಾಲ್ ಗಂಟಲು ಸರಿಮಾಡಿಕೊಂಡ.

"ಇಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತೇನೇ ಅಕ್ಕ? ಮೊದಲು ಆ ಮುದುಕನ್ನ ಎಬ್ಬಿಸು."