ಒಂದೇಟಿನ ಮನುಷ್ಯ

ನನ್ನ ಗಂಡನಿಗೆ ಕೆಲಸದ ಜಾಗದಲ್ಲಿ ಇಟ್ಟಿರುವ ಹೆಸರು ಒಂದೇಟು. ಪುಸ್ತಕ ಬೈಂಡ್ ಮಾಡುವ ಕಾರ್ಖಾನೆಯಲ್ಲಿ ಅವರು ಕಟಿಂಗ್ ಮೆಷಿನ್ ನಡೆಸುತ್ತಾರೆ. ಪುಸ್ತಕಗಳ ಅಂಚು ಕತ್ತರಿಸಿ ಸಮ ಮಾಡುವ, ಉದ್ದನೆ ಬ್ಲೇಡಿನ ಯಂತ್ರ ಅದು. ಬ್ಲೇಡು ಇಳಿಯಿತೆಂದರೆ ತಳ ಮುಟ್ಟುವ ತನಕ ನಿಲ್ಲಿಸಬಾರದು, ಅದು ಅಲ್ಲಿಯ ನಿಯಮ. ಅರ್ಧಕ್ಕೆ ಕೈ ತೆಗೆದರೆ ಅಂಚು ಮೆಟ್ಟಿಲು ಮೆಟ್ಟಿಲಾಗಿ ಹೋಗಿ ಇಡೀ ಕಟ್ಟು ರದ್ದಿಗೆ. ಆ ನಿಯಮ ಪಾಲಿಸಿ ಪಾಲಿಸಿ ಮನುಷ್ಯ ಮನೆಯಲ್ಲೂ ಹಾಗೇ ಆಗಿಬಿಟ್ಟರು. ಸಿಗರೇಟು ಬಿಟ್ಟಿದ್ದು ಒಂದೇ ಏಟಿಗೆ. ತಮ್ಮನ ಜೊತೆ ಮಾತು ಬಿಟ್ಟಿದ್ದು ಒಂದೇ ಏಟಿಗೆ, ಮತ್ತೆ ಮಾತಾಡಿಸಿದ್ದೂ ಹಾಗೇ. ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದ್ದು ರಟ್ಟಿನ ರಾಶಿಯ ಹಿಂದೆ, ಹಿಂದೆ ಮುಂದೆ ಒಂದು ಮಾತಿಲ್ಲದೆ. ನನ್ನ ಕೈಯಲ್ಲಿದ್ದ ಬ್ರಷ್ಷು ಅಂಟಿನ ಡಬ್ಬಕ್ಕೆ ಬಿದ್ದು ಮುಳುಗಿಹೋಗಿತ್ತು. ನಾನು ಅದೇ ಕಾರ್ಖಾನೆಯಲ್ಲಿ ರಟ್ಟಿಗೆ ಅಂಟು ಹಚ್ಚುವವಳು. ನನ್ನನ್ನು ಎಲ್ಲರೂ ಗೋಂದು ಎನ್ನುತ್ತಾರೆ. ಹಿಡಿದದ್ದನ್ನು ಬಿಡುವುದಿಲ್ಲ ಎಂದು ಮೇಸ್ತ್ರಿ ಇಟ್ಟ ಹೆಸರು.

ಕೆಲವು ವರ್ಷದ ಹಿಂದೆ ಈ ಮನುಷ್ಯ ಮಂಕಾದರು. ಒಂದು ದಿನ ಬೆಳಿಗ್ಗೆ ಎದ್ದು ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡರು, ಇನ್ನೊಂದನ್ನು ಕೈಯಲ್ಲಿ ಹಿಡಿದು ಮಂಚದ ತುದಿಯಲ್ಲಿ ಕೂತರು. ಮಧ್ಯಾಹ್ನವಾದರೂ ಹಾಗೇ ಕೂತಿದ್ದರು. ಮರುದಿನವೂ ಅದೇ. "ಏನಾಯ್ತು ರೀ" ಎಂದರೆ "ಏನಿಲ್ಲ". "ನಾನು ಇಲ್ದೇ ಇದ್ರೆ ನಿಮಗೆಲ್ಲ ಹಗುರ ಆಗುತ್ತೆ" ಎಂದ ದಿನವೇ ಅತ್ತೆಯೂ ನಾನೂ ಎರಡು ಕಡೆಯಿಂದ ಹಿಡಿದುಕೊಂಡು ಮನಸ್ಸಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆವು. ಆಕೆ ದಿನಕ್ಕೊಂದು ಮಾತ್ರೆ ಕೊಟ್ಟರು, ಕೂರಿಸಿ ಮಾತಾಡಿಸಿದರು. ಬಹಳ ದಿನ ಹಿಡಿಯಿತು, ಆದರೆ ಹುಷಾರಾದರು. ಎರಡು ಕಾಲಿಗೂ ಸಾಕ್ಸ್ ಬಂತು, ಮಾತಿಗೆ ಮಾತು ಕೊಡುವ ಕೆಟ್ಟ ಬುದ್ಧಿಯೂ ವಾಪಸ್ ಬಂತು. ಆ ಒಂಟಿ ಸಾಕ್ಸಿನ ಬೆಳಿಗ್ಗೆಗಳು ಮತ್ತೆ ಬರದಿದ್ದರೆ ಸಾಕು ಎನ್ನುವುದೊಂದೇ ನನ್ನ ಆಸೆಯಾಗಿತ್ತು.

ಶಾಲೆ ಪುಸ್ತಕಗಳ ಗಡಿಬಿಡಿಯ ಕಾಲದಲ್ಲಿ ನನಗೆ ರಜೆ ಸಿಗಲಿಲ್ಲ, ಆಗಾಗ ತೋರಿಸಿಕೊಳ್ಳಬೇಕಿದ್ದ ಡಾಕ್ಟರಮ್ಮನ ಹತ್ತಿರ ಆ ಸಲ ಅವರೊಬ್ಬರೇ ಹೋದರು. ಬರುವಾಗ ಮುಖ ಅರಳಿತ್ತು. "ಏನಂದ್ರು" ಎಂದರೆ "ಚೆನ್ನಾಗಿದೀನಂತೆ" ಎಂದರು. ನನಗೂ ಅಷ್ಟೇ ಬೇಕಿತ್ತು. ಮುಂದೆ ಕೇಳಲಿಲ್ಲ.

ಕೆಲವು ದಿನಕ್ಕೆ ಶುರುವಾಯಿತು ನೋಡಿ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಿದ್ದರು. ಹೊದಿಕೆ ಒದ್ದೆಯಾಗುವಷ್ಟು ಬೆವರು. ಊಟ ಮುಂದಿಟ್ಟರೆ ಹೊಟ್ಟೆ ತೊಳಸುತ್ತದೆ ಎಂದು ತಟ್ಟೆ ದೂಡುತ್ತಿದ್ದರು.

"ತಲೆ ಒಳಗೆ ಕರೆಂಟ್ ಹೊಡೀತಿದೆ ಕಣೆ" ಎಂದರು ಒಂದು ಬೆಳಿಗ್ಗೆ. "ಕಣ್ಣು ಆ ಕಡೆಯಿಂದ ಈ ಕಡೆಗೆ ಹೊರಳಿಸಿದ್ರೆ ಸಾಕು, ಚುರ್ ಅನ್ನುತ್ತೆ."

"ಬಿಲ್ಲು ಕಟ್ಟಿದೀವಲ್ಲ, ಕರೆಂಟ್ ಬರ್ದೇ ಇರುತ್ತಾ?" ಎಂದೆ ನಾನು.

ಅವರು ನಗಲಿಲ್ಲ. ನಗದೇ ಇದ್ದದ್ದು ನನಗೆ ದಿಗಿಲು ಹುಟ್ಟಿಸಿತು. ಅವತ್ತೇ ಸಂಜೆ ಅತ್ತೆ ಲೋಟದಲ್ಲಿ ಚಮಚ ಅಲ್ಲಾಡಿಸುತ್ತಿದ್ದರು, ಅಷ್ಟಕ್ಕೆ ಇವರು "ಆ ಸದ್ದು ನಿಲ್ಲಿಸ್ತೀಯಾ ಇಲ್ವಾ" ಎಂದು ಮನೆ ಹಾರಿಹೋಗುವಂತೆ ಕೂಗಿದರು. ತಾಯಿಯ ಮುಂದೆ ಒಂದು ದಿನವೂ ದನಿ ಎತ್ತಿದವರಲ್ಲ. ಕೂಗಿದವರು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತರು. ಅತ್ತೆ ಚಮಚ ಹಿಡಿದುಕೊಂಡು ಗರಬಡಿದವರಂತೆ ಕೂತಿದ್ದರು. "ಇವನಿಗೆ ಮತ್ತೆ ಅದೇ ಬಂತು ಕಣಮ್ಮ" ಎಂದರು ಮೆಲ್ಲಗೆ. ನನಗೆ ಅನ್ನಿಸಿದ್ದೂ ಅದೇ, ಹೇಳುವ ಧೈರ್ಯ ಇರಲಿಲ್ಲ.

ಮರುದಿನ ಕಾರ್ಖಾನೆಯಲ್ಲಿ ಆದದ್ದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಬ್ಲೇಡು ಇಳಿಯಬೇಕಾದರೆ ಎರಡು ಗುಂಡಿಗಳನ್ನು ಎರಡೂ ಕೈಯಿಂದ ಒಟ್ಟಿಗೆ ಒತ್ತಬೇಕು. ಬೆರಳು ಉಳಿಯಲಿ ಎಂದೇ ಆ ಏರ್ಪಾಡು. ಆದರೆ ಅದಕ್ಕೆ ಮೊದಲು ಕಟ್ಟನ್ನು ಅದುಮಿ ಹಿಡಿಯುವ ಕಬ್ಬಿಣದ ಪಟ್ಟಿ ಇದೆಯಲ್ಲ, ಅದು ಕಾಲಿನ ಪೆಡಲಿಗೆ ಇಳಿಯುತ್ತದೆ. ಅವರು ಎಡಗೈಯಲ್ಲಿ ಕಟ್ಟು ಸರಿಮಾಡುತ್ತಾ ಅಳತೆ ನೋಡಲು ಕಣ್ಣು ಹೊರಳಿಸಿದರು. ಒಂದು ಕ್ಷಣ ಮನುಷ್ಯ ಅಲ್ಲಿಲ್ಲದಂತೆ ನಿಂತರು. ಕೈ ಒಳಗೇ ಇತ್ತು, ಕಾಲು ಪೆಡಲ್ ಒತ್ತಿತು.

ಅವರು ಕೂಗಿದ್ದರೆ ನನಗೆ ಅಷ್ಟು ಆಘಾತವಾಗುತ್ತಿರಲಿಲ್ಲ. ಕೂಗಲೇ ಇಲ್ಲ. ಪಟ್ಟಿಯ ಕೆಳಗೆ ಸಿಕ್ಕಿಕೊಂಡ ಬೆರಳುಗಳನ್ನು ಯಾರದೋ ಬೆರಳು ಎನ್ನುವ ಹಾಗೆ ನೋಡುತ್ತಾ ನಿಂತಿದ್ದರು. ನನ್ನ ಕೈಯಲ್ಲಿದ್ದ ರಟ್ಟಿನ ಹೊರೆ ನೆಲಕ್ಕೆ ಬಿತ್ತು. "ಕಾಲು ತೆಗೀರಿ" ಎಂದು ಕಿರುಚಿದೆ, ಅವರ ಕಿವಿಗೆ ಬೀಳಲಿಲ್ಲ. ಓಡಿಹೋಗಿ ಪೆಡಲಿನ ಮೇಲಿದ್ದ ಕಾಲನ್ನು ಒದ್ದೆ. ಮದುವೆಯಾದಾಗಿನಿಂದ ಒದೆಯಬೇಕು ಅನ್ನಿಸಿದ ಸಂದರ್ಭಗಳು ಬೇಕಾದಷ್ಟು ಬಂದಿವೆ, ಒದ್ದದ್ದು ಮಾತ್ರ ಅದೊಂದೇ ಸಲ.

ಮೂಳೆ ಮುರಿದಿರಲಿಲ್ಲ. ಉಗುರೆಲ್ಲ ನೀಲಿಗಟ್ಟಿತ್ತು, ಚರ್ಮ ಒಡೆದಿತ್ತು. ಹತ್ತಿರದ ಆಸ್ಪತ್ರೆಯಲ್ಲಿ ಬ್ಯಾಂಡೇಜು ಸುತ್ತುತ್ತಾ ನರ್ಸ್ ಕೇಳಿದಳು, "ದಿನಾ ಏನಾದ್ರೂ ಮಾತ್ರೆ ತಗೋತೀರಾ?"

"ಹೂಂ, ಒಂದು ತಗೋತಾರೆ" ಎಂದೆ ನಾನು. "ಇಲ್ಲ" ಎಂದರು ಅವರು. ಎರಡೂ ಒಟ್ಟಿಗೆ ಬಂತು.

"ಇಲ್ಲ ಅಂದ್ರೆ?" ಎಂದು ಅವರತ್ತ ತಿರುಗಿದೆ.

"ನಿಲ್ಲಿಸಿಬಿಟ್ಟೆ."

"ಯಾರನ್ನ ಕೇಳಿ ನಿಲ್ಲಿಸಿದ್ರಿ?"

"ಡಾಕ್ಟರಮ್ಮನೇ ಅಂದ್ರಲ್ಲ, ಇನ್ನು ನಿಲ್ಲಿಸೋ ಯೋಚನೆ ಮಾಡಬಹುದು ಅಂತ. ಬರ್ತಾ ದಾರೀಲಿ ಉಳಿದದ್ದೆಲ್ಲ ಕಸದ ಡಬ್ಬಿಗೆ ಹಾಕ್ದೆ." ಸ್ವಲ್ಪ ತಡೆದು ಸೇರಿಸಿದರು, "ಒಂದೇ ಏಟಿಗೆ."

ಕೈ ಮುಷ್ಟಿಯಷ್ಟು ದಪ್ಪ ಬ್ಯಾಂಡೇಜು, ಮಾತಿನಲ್ಲಿ ಹೆಮ್ಮೆ. ನನಗೆ ಕಣ್ಣು ಕತ್ತಲೆ ಬಂದಂತಾಯಿತು. ಗಾಯ ಅವರಿಗೆ, ನರ್ಸ್ ನೀರು ತಂದುಕೊಟ್ಟದ್ದು ನನಗೆ. ಒಂದೇ ಸೂರಿನ ಕೆಳಗೆ, ಒಂದೇ ಮೇಜಿನ ಮೇಲೆ ತಿಂಡಿ ತಿನ್ನುವ ಗಂಡ ಇಷ್ಟು ದೊಡ್ಡ ಕೆಲಸ ಮಾಡಿಕೊಂಡು ಕೂತಿದ್ದಾರೆ, ನನಗೆ ಸುಳಿವೇ ಇಲ್ಲ. ಸಿಟ್ಟು ಬರಬೇಕಿತ್ತು. ನರ್ಸ್ ಕೊಟ್ಟ ನೀರನ್ನು ಕೊನೆಯ ಹನಿಯವರೆಗೂ ಕುಡಿದೆ.

ಅಲ್ಲಿಂದ ನೇರ ಡಾಕ್ಟರಮ್ಮನ ಹತ್ತಿರ. ಆಕೆ ಎಲ್ಲ ಕೇಳಿ ಕನ್ನಡಕ ತೆಗೆದಿಟ್ಟರು.

"ನಾನು ಹೇಳಿದ್ದು ನಿಧಾನವಾಗಿ ಕಡಿಮೆ ಮಾಡೋ ವಿಷಯ. ಮನೆಯವರನ್ನೂ ಕರ್ಕೊಂಡು ಬನ್ನಿ, ಹೇಗೆ ಅಂತ ಕೂತು ಮಾತಾಡೋಣ ಅಂದಿದ್ದೆ."

"ನಿಲ್ಲಿಸಬಹುದು ಅಂದದ್ದೇ ಖುಷಿಯಾಗೋಯ್ತು. ಆಮೇಲಿಂದು ತಲೆಗೆ ಹೋಗ್ಲಿಲ್ಲ" ಎಂದರು ಒಂದೇಟು.

ನಾನು ಕೇಳಲು ಹೆದರಿದ್ದ ಪ್ರಶ್ನೆ ಕೇಳಿಯೇಬಿಟ್ಟೆ. "ಹಳೇದು ಮತ್ತೆ ಬಂತಾ ಡಾಕ್ಟ್ರೆ?"

"ಹಾಗೆ ಕಾಣ್ತಿಲ್ಲ. ಕಾಯಿಲೆ ಮರಳೋದಾದ್ರೆ ಸಾಮಾನ್ಯವಾಗಿ ನಿಧಾನಕ್ಕೆ ಬರುತ್ತೆ. ಇದು ಮಾತ್ರೆ ನಿಂತ ಕೂಡಲೇ ಬಂದಿದೆ. ತಲೇಲಿ ಕರೆಂಟು ಹೊಡೆದ ಹಾಗೆ, ತಲೆಸುತ್ತು, ಬೆವರು, ಸಿಟ್ಟು, ಅಳು, ಎಲ್ಲ ಅದರದ್ದೇ. ಇದು ಚಟ ಅಲ್ಲ, ತಪ್ಪು ತಿಳ್ಕೋಬೇಡಿ. ಇಷ್ಟು ಕಾಲ ಮೈ ಅದಕ್ಕೆ ಒಗ್ಗಿಹೋಗಿತ್ತು, ನೀವು ಥಟ್ಟನೆ ಕಿತ್ಕೊಂಡ್ರಿ. ಈಗ ಅದೇ ಮಾತ್ರೆ ಮತ್ತೆ ಶುರು ಮಾಡೋಣ. ಮೈ ಸುಧಾರಿಸಿದ ಮೇಲೆ ನಾನು ಹೇಳಿದ ಹಾಗೆ ಸ್ವಲ್ಪ ಸ್ವಲ್ಪ ಇಳಿಸೋಣ."

"ಮತ್ತೆ ಮೊದಲಿಂದಾನಾ?" ಎಂದರು ಇವರು. ಮುಖ ಸುಟ್ಟ ಹಾಗಾಗಿತ್ತು. "ಅಂದ್ರೆ ನಾನು ಸೋತೆ ಅಂತ."

ಡಾಕ್ಟರಮ್ಮ ಎಷ್ಟು ಸಮಾಧಾನ ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮನೆಗೆ ಬಂದು ಮಾತ್ರೆಯನ್ನು ಮೇಜಿನ ಮೇಲಿಟ್ಟು ನೀರೂ ಇಟ್ಟೆ. ಮುಟ್ಟಲಿಲ್ಲ. "ಇಳಿದ ಬ್ಲೇಡು ಅರ್ಧದಲ್ಲಿ ವಾಪಸ್ ಬರಲ್ಲ" ಎಂದರು.

"ಬೆರಳು ಹೋದ್ರೂ ಪರವಾಗಿಲ್ಲ, ಹಟ ಹೋಗಬಾರದು ಅಲ್ವಾ?" ಎಂದೆ. ಇನ್ನೂ ಏನೇನೋ ಅಂದೆ, ಎಲ್ಲವನ್ನೂ ಇಲ್ಲಿ ಹೇಳಲು ನಾಚಿಕೆ. ಅತ್ತೆ ಒಳಗಿನಿಂದ "ಸಾಕು ಬಿಡಮ್ಮ" ಎನ್ನುವ ತನಕ ಅಂದೆ.

ಬೆಳಿಗ್ಗೆ ಅಡುಗೆಮನೆಯಿಂದ ಕೋಣೆಗೆ ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ಮಂಚದ ತುದಿಯಲ್ಲಿ ಕೂತಿದ್ದಾರೆ. ಒಂದು ಕಾಲಲ್ಲಿ ಸಾಕ್ಸ್, ಇನ್ನೊಂದು ಕೈಯಲ್ಲಿ. ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಡಾಕ್ಟರಮ್ಮ ಏನು ಬೇಕಾದರೂ ಹೇಳಲಿ, ಅದೇ ಬಂತು, ಎಲ್ಲ ಮುಗಿಯಿತು ಎಂದುಕೊಂಡೆ.

ಅವರು ತಲೆ ಎತ್ತಿದರು. "ಒಂದೇ ಕೈಲಿ ಹಾಕೋಕೆ ಆಗ್ತಿಲ್ಲ ಕಣೆ. ಒಂಚೂರು ಹಾಕ್ತೀಯಾ?"

ನೆಲದ ಮೇಲೆ ಕೂತು ಹಾಕಿದೆ. ಹಾಕುತ್ತಾ ಅತ್ತುಬಿಟ್ಟೆ. "ಅಷ್ಟು ನಾರ್ತಿದೆಯಾ" ಎಂದರು ಪುಣ್ಯಾತ್ಮ.

ಮೇಸ್ತ್ರಿ ಒಳ್ಳೆಯವರು. ಡಾಕ್ಟರು ಒಪ್ಪುವ ತನಕ ಯಂತ್ರದ ಹತ್ತಿರ ಸುಳಿಯಬಾರದು ಎಂದು ಇವರನ್ನು ನನ್ನ ಮೇಜಿಗೆ ಹಾಕಿದರು. ಯಂತ್ರ ಕೈತಪ್ಪಿತೆಂದರೆ ಈ ಮನುಷ್ಯನಿಗೆ ಬೇರೆ ಕೆಲಸ ಬರುವುದಿಲ್ಲ, ಅದು ಅವರಿಗೂ ಗೊತ್ತು ನನಗೂ ಗೊತ್ತು. ನಮ್ಮ ಮೇಜಿನ ಪಕ್ಕದಲ್ಲೇ ಒತ್ತುವ ಯಂತ್ರವಿದೆ. ಅಂಟು ಹಚ್ಚಿದ ಪುಸ್ತಕಗಳನ್ನು ಅದರಲ್ಲಿ ಪೇರಿಸಿ ಮೇಲಿನ ಚಕ್ರ ತಿರುಗಿಸಿ ಬಿಗಿ ಮಾಡುತ್ತೇವೆ. ಅವತ್ತು ಶಾಲೆಯೊಂದರ ನಕ್ಷೆ ಪುಸ್ತಕಗಳು ಇದ್ದವು. ಸಡಿಲಿಸುವ ಹೊತ್ತಾಗಿತ್ತು. ನಾನು ಅಂಟು ಕಾಯಿಸಲು ಹೋದಾಗ ಇವರು ಬಲಗೈಯಲ್ಲಿ ಚಕ್ರ ಹಿಡಿದು ಗಿರ್ರನೆ ಪೂರ್ತಿ ಬಿಚ್ಚಿಬಿಟ್ಟರು. ಮಧ್ಯಾಹ್ನದ ಊಟ ಮುಗಿಸಿ ಬಂದು ನೋಡುತ್ತೇನೆ, ರಟ್ಟುಗಳೆಲ್ಲ ಸೊಟ್ಟಗೆ ಎದ್ದು ನಿಂತಿವೆ. ಒಂದು ಪುಸ್ತಕವನ್ನು ಮೇಜಿನ ಮೇಲಿಟ್ಟು ಬೆರಳಲ್ಲಿ ತಟ್ಟಿದರೆ ತೊಟ್ಟಿಲಿನಂತೆ ತೂಗುತ್ತಿತ್ತು.

"ಯಾಕ್ರೀ ಒಂದೇ ಸಲಕ್ಕೆ ಬಿಚ್ಚಿದ್ರಿ?" ಮೈಯೆಲ್ಲ ಉರಿಯಿತು ನನಗೆ. "ಒಳಗೆ ತೇವ ಇನ್ನೂ ಆರಿರಲ್ಲ. ಒಂಚೂರು ಸಡಿಲ ಬಿಡಬೇಕು, ಕಾಯಬೇಕು, ನೋಡಬೇಕು. ರಟ್ಟು ಏಳ್ತಿದೆ ಅಂದ್ರೆ ಮತ್ತೆ ಬಿಗಿ ಮಾಡಬೇಕು."

"ಮತ್ತೆ ಬಿಗಿ ಮಾಡ್ತೀರಾ?"

"ಇನ್ನೇನು, ಹಾಳಾಗ್ಲಿ ಅಂತ ನೋಡ್ಕೊಂಡು ಕೂರ್ತೀವಾ?"

"ಅದು ಕೆಲಸ ಕೆಟ್ಟ ಹಾಗಲ್ವಾ?"

"ಬಿಗಿ ಮಾಡದೇ ಇದ್ರೆ ಕೆಡುತ್ತೆ. ನಿಮಗೇನು ತಲೆಗಿಲೆ ಕೆಟ್ಟಿದ್ಯಾ?"

ಆಣೆ ಮಾಡಿ ಹೇಳುತ್ತೇನೆ, ನಾನು ಮಾತಾಡಿದ್ದು ರಟ್ಟಿನ ವಿಷಯ ಮಾತ್ರ. ಅಷ್ಟೊಂದು ಪುಸ್ತಕ ಹಾಳಾದ ಹೊಟ್ಟೆ ಉರಿ ನನಗೆ. ಅವರು ಸೊಟ್ಟಗಾದ ಪುಸ್ತಕಗಳಿಗೆ ನನ್ನ ಹತ್ತಿರ ತೇವ ಹಚ್ಚಿಸಿ ಒಂದೊಂದಾಗಿ ಪೇರಿಸಿದರು, ಚಕ್ರ ತಿರುಗಿಸಿ ಬಿಗಿ ಮಾಡಿದರು. ಸಂಜೆಯವರೆಗೆ ಅದರ ಮುಂದೆಯೇ ಸ್ಟೂಲು ಹಾಕಿಕೊಂಡು ಕೂತಿದ್ದರು.

ಮನೆಗೆ ಬಂದು ಶೂ ಬಿಚ್ಚಿದವರು ನೇರ ಮೇಜಿನ ಹತ್ತಿರ ಹೋಗಿ ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿದರು. ನಾನು ದಂಗಾಗಿ ನಿಂತೆ. ಏನಾಯಿತೆಂದು ನನ್ನ ಮಂದ ಬುದ್ಧಿಗೆ ಹೊಳೆದದ್ದು ಆಗಲೇ.

ಕೆಲವು ದಿನಕ್ಕೆ ಕರೆಂಟು ನಿಂತಿತು. ಅತ್ತೆಯ ಚಮಚ ಮತ್ತೆ ಸದ್ದು ಮಾಡತೊಡಗಿತು. ಆಮೇಲೆ ಡಾಕ್ಟರಮ್ಮ ಇಳಿಸುವ ಕೆಲಸ ಶುರು ಮಾಡಿದರು, ಇಷ್ಟಿಷ್ಟೇ, ಪ್ರತಿಸಲವೂ ನನ್ನನ್ನು ಎದುರಿಗೆ ಕೂರಿಸಿಕೊಂಡು. ಇಳಿಸಿದಾಗಲೆಲ್ಲ ಒಂದಿಷ್ಟು ದಿನ ತಲೆಯಲ್ಲಿ ಸಣ್ಣದಾಗಿ ಚುರ್ ಎನ್ನುತ್ತಿತ್ತು, ವಿಚಿತ್ರ ಕನಸು ಬೀಳುತ್ತಿತ್ತು, ಜಾಹೀರಾತು ನೋಡಿ ಕಣ್ಣಲ್ಲಿ ನೀರು ಬರುತ್ತಿತ್ತು. "ಇವತ್ತು ಚುರ್ ದಿನ" ಎಂದು ಬೆಳಿಗ್ಗೆಯೇ ಹೇಳಿಬಿಡುತ್ತಿದ್ದರು, ನಾವು ಅವರ ತಂಟೆಗೆ ಹೋಗುತ್ತಿರಲಿಲ್ಲ. ಒಂದು ಸಲ ಇಳಿಸಿದ್ದು ಜಾಸ್ತಿಯಾಯಿತೆಂದು ಡಾಕ್ಟರಮ್ಮ ಮತ್ತೆ ಒಂದು ಹಂತ ಮೇಲಕ್ಕೆ ಒಯ್ದರು. ಇವರು ಎಗರಾಡುತ್ತಾರೆಂದು ನಾನು ಸೀರೆಯ ಸೆರಗು ಬಿಗಿಹಿಡಿದು ಕೂತಿದ್ದೆ. "ಸರಿ, ಬಿಗಿ ಮಾಡಿ" ಎಂದರು. ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ.

ಅಷ್ಟು ಕಾಲವೂ ನನ್ನ ಮೇಜಿನಲ್ಲೇ ಅಂಟು ಹಚ್ಚಿದರು. ಅಷ್ಟು ಕೆಟ್ಟದಾಗಿ ಅಂಟು ಹಚ್ಚುವವರನ್ನು ನಾನು ಜನ್ಮದಲ್ಲಿ ಕಂಡಿಲ್ಲ.

ಮಾತ್ರೆಯ ಕೊನೆಯ ಚೂರನ್ನೂ ಇವರು ಬಿಟ್ಟು ಮೈ ಹಗುರಾದ ಮೇಲೆ ಡಾಕ್ಟರಮ್ಮ ಇನ್ನು ಯಂತ್ರದ ಕೆಲಸಕ್ಕೆ ಅಡ್ಡಿಯಿಲ್ಲ ಎಂದರು. ಮರುದಿನವೇ ಓಡುತ್ತಾರೆಂದುಕೊಂಡಿದ್ದೆ. "ಇನ್ನೊಂದಿಷ್ಟು ದಿನ ನೋಡ್ತೀನಿ" ಎಂದರು ಒಂದೇಟು. ಇದು ನನ್ನ ಗಂಡನೇ ಹೌದೋ ಅಲ್ಲವೋ ಎಂದು ಮುಖ ನೋಡಿದೆ.

ಅವರು ಯಂತ್ರದ ಮುಂದೆ ನಿಂತ ದಿನ ನನಗೆ ನೋಡಲಾಗಲಿಲ್ಲ. ಬೆನ್ನು ತಿರುಗಿಸಿ ಒಂದೇ ರಟ್ಟಿಗೆ ಮೂರು ಸಲ ಅಂಟು ಹಚ್ಚಿದೆ. ಕಟ್ಟು ಇಟ್ಟ ಸದ್ದು ಬಂತು. ಪಟ್ಟಿ ಇಳಿಯುವ ಸದ್ದು ಬರಲಿಲ್ಲ. ಕಾದೆ, ಆಗಲೂ ಬರಲಿಲ್ಲ. ತಡೆಯಲಾರದೆ ತಿರುಗಿದೆ. ಅವರು ಎರಡೂ ಕೈ ಮೇಲೆತ್ತಿ, ಬೆರಳು ಬಿಡಿಸಿ, ನನ್ನ ಕಡೆ ನೋಡುತ್ತಾ ನಿಂತಿದ್ದರು. "ಯಾರಪ್ಪ ಇವನಿಗೆ ಪಿಸ್ತೂಲು ತೋರಿಸಿದ್ದು" ಎಂದರು ಮೇಸ್ತ್ರಿ. ನಾನು ಅಲ್ಲಿಂದಲೇ ಆ ಬೆರಳುಗಳನ್ನು ನೋಡಿದೆ, ಎಲ್ಲವೂ ಹೊರಗಿದ್ದವು. ತಲೆಯಾಡಿಸಿದೆ. ಆಮೇಲೆ ಪಟ್ಟಿ ಇಳಿಯಿತು, ಬ್ಲೇಡು ಒಂದೇ ಏಟಿಗೆ ತಳ ಮುಟ್ಟಿತು.

ಈಗಲೂ ಪ್ರತಿ ಕಟ್ಟಿಗೂ ಹಾಗೇ. ನಾನು ತಲೆಯಾಡಿಸದೆ ಆ ಕಾಲು ಪೆಡಲಿಗೆ ಹೋಗುವುದಿಲ್ಲ.