ಕೆಂಪು ಉಡುಪಿನ ಹಸಿರು ಕಾಲು

ಉತ್ತರದ ಹಿಮಸೀಮೆಯ ಕುವೋಪಿಯೊ ಊರಿಗೆ ಹೊರದೇಶಗಳಿಂದ ಓದಲು ಬರುವವರನ್ನು ತೈಮಿ ಪ್ರತಿ ಜನವರಿಯಲ್ಲೂ ಹೆಪ್ಪುಗಟ್ಟಿದ ಸರೋವರದ ಸೇತುವೆಯ ಹತ್ತಿರ ಕರೆದೊಯ್ಯುತ್ತಾಳೆ. ವಿಶ್ವವಿದ್ಯಾಲಯದ ಕಚೇರಿಯಲ್ಲಿ ಅವಳದೊಂದು ಸಣ್ಣ ಗುಮಾಸ್ತಿಕೆ. ಈ ಕೆಲಸವನ್ನು ಅವಳಿಗೆ ಯಾರೂ ಒಪ್ಪಿಸಿಲ್ಲ. ಚಳಿಗೆ ಮೂಗು ಕೆಂಪಾದ ಹುಡುಗ ಹುಡುಗಿಯರ ಮುಂದೆ ನಿಂತು, "ಸರೋವರ ಎಲ್ಲಾ ಕಡೆ ಗಟ್ಟಿ. ಇಲ್ಲಿ ಮಾತ್ರ ಅಲ್ಲ. ಇಲ್ಲಿ ಅಡೀಲಿ ನೀರು ಓಡ್ತಿರುತ್ತೆ," ಎನ್ನುತ್ತಾಳೆ. ಆಮೇಲೆ ಒಬ್ಬೊಬ್ಬರ ಬಾಯಿಂದಲೂ ಅದನ್ನೇ ಹೇಳಿಸುತ್ತಾಳೆ.

"ಏನ್ ತೈಮಿ, ಇದನ್ನೂ ಹೇಳಿಕೊಡ್ಬೇಕಾ? ತೊಟ್ಟಿಲ ಕೂಸಿಗೂ ಗೊತ್ತಲ್ಲ," ಎಂದು ಕಚೇರಿಯವರು ನಗುತ್ತಾರೆ.

ಅದೇ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಇಪ್ಪತ್ತೊಂದರ ವಯಸ್ಸಿನಲ್ಲಿ ತೈಮಿಗೆ ಗೆಳೆಯರೆಂಬುವರು ಇರಲಿಲ್ಲ. ಆ ಸೀಮೆಯವರೇ ಮಾತಿಗೆ ಜುಗ್ಗರು, ಇವಳು ಅವರಲ್ಲೂ ಕಡುಜುಗ್ಗಿ. ಹೊರಗಿನ ವಿದ್ಯಾರ್ಥಿಗಳಿಗೆ ದಾರಿ ತೋರಿಸಲು ಒಪ್ಪಿದ್ದು ಒಂದೆರಡು ಅಂಕ ಸೇರುತ್ತವೆ ಎಂಬ ಆಸೆಗೆ. ಪಾಲಿಗೆ ಬಂದವರು ಇಬ್ಬರು: ಸ್ಲೊವೇನಿಯಾದ ಬ್ರಿನಾ, ಐರ್ಲೆಂಡಿನ ಕಡಲತಡಿಯ ಫಿಂಟನ್. ಬ್ರಿನಾ ಮೊದಲ ತಿಂಗಳೆಲ್ಲ ಹಾಸ್ಟೆಲಿನ ಅಡುಗೆಮನೆಯಲ್ಲಿ ಕೂತು ಅಮ್ಮನನ್ನು ನೆನೆದು ಅತ್ತಳು. ಫಿಂಟನ್ ಅವಳ ಮುಂದೆ ಆಲೂಗಡ್ಡೆ ಸುರಿದು, "ಅಳೋದಾದ್ರೆ ಇದನ್ನ ಸುಲೀತಾ ಅಳು. ಹೊಟ್ಟೆಗಾದ್ರೂ ಏನಾದ್ರೂ ಬೀಳುತ್ತೆ," ಎಂದ. ತೈಮಿಯನ್ನೂ ಅವನು ಬಿಡಲಿಲ್ಲ.

"ಏನೇ, ಇವತ್ತಿನ ಮಾತಿನ ರೇಷನ್ನು ಬೆಳಿಗ್ಗೇನೇ ಮುಗಿದ್ಹೋಯ್ತಾ?"

"ಇದೆ. ನಿಂಗೆ ಕಾರ್ಡಿಲ್ಲ."

ಅಳುತ್ತಿದ್ದ ಬ್ರಿನಾ ಕೂಡ ನಕ್ಕುಬಿಟ್ಟಳು. ತನಗೆ ಜನರನ್ನು ನಗಿಸಲು ಬರುತ್ತದೆ ಎಂದು ತೈಮಿಗೆ ತಿಳಿದದ್ದೇ ಆವತ್ತು. ಆಮೇಲೆ ಗುರುವಾರ ಬಂತೆಂದರೆ ಬಿಸಿ ಹಬೆಯ ಸೌನಾ ಸ್ನಾನ, ಅದಾದ ಮೇಲೆ ಆಲೂಗಡ್ಡೆ, ಮೂವರೂ ಒಂದೇ ಮೇಜಿಗೆ.

ಅಲ್ಲಿ ವಿದ್ಯಾರ್ಥಿಗಳು ತೊಡುವ, ಕತ್ತಿನಿಂದ ಪಾದದವರೆಗಿನ ಉಡುಪಿಗೆ ವಿಭಾಗಕ್ಕೊಂದು ಬಣ್ಣ. ಅದನ್ನು ಒಗೆಯಬಾರದೆಂಬುದು ರೂಢಿ. ತೀರಾ ಹತ್ತಿರದವರು ಉಡುಪಿನ ಒಂದು ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿ ಪರಸ್ಪರ ಬದಲಾಯಿಸಿಕೊಳ್ಳುತ್ತಾರೆ. ಫೆಬ್ರುವರಿಯಲ್ಲಿ ಫಿಂಟನ್ ಕತ್ತರಿ ತಂದ. ತನ್ನ ಕೆಂಪಿಗೆ ತೈಮಿಯ ಹಸಿರು ಕಾಲನ್ನೂ ಅವಳ ಹಸಿರಿಗೆ ತನ್ನ ಕೆಂಪು ಕಾಲನ್ನೂ ತಾನೇ ಹೊಲಿದ, ಗೋಣಿಚೀಲ ಹೊಲಿದ ಹಾಗೆ. ಬ್ರಿನಾ ಇಬ್ಬರನ್ನೂ ಕೆಣಕಿದಳು. ಅದು ಪ್ರೇಮವಲ್ಲ. ತೈಮಿಗೆ ಒಡಹುಟ್ಟಿದವರಿರಲಿಲ್ಲ, ಈಗ ಒಬ್ಬ ಸಿಕ್ಕಿದ್ದ.

ಮಾರ್ಚಿನಲ್ಲಿ ಒಂದು ದಿನ ಅವನು, ಬಸ್ಸು ಬೇಡ, ಸರೋವರದ ಮೇಲೆ ನಡೆದೇ ಆಚೆ ದಡಕ್ಕೆ ಹೋಗುತ್ತೇನೆ ಎಂದ. "ಐಸು ತಡೆಯುತ್ತಾ?"

"ಏಪ್ರಿಲ್ ತನಕ ತಡೆಯುತ್ತೆ. ಕಾರೇ ಓಡಾಡ್ತವೆ, ನೀನ್ಯಾವ ಲೆಕ್ಕ," ಎಂದಳು ತೈಮಿ, ಪುಸ್ತಕದಿಂದ ತಲೆ ಎತ್ತದೆ.

ಹೇಳಿದ್ದು ಸುಳ್ಳಲ್ಲ. ಆದರೆ ಸೇತುವೆಯ ಕೆಳಗೆ ಹೋಗಬೇಡ ಎನ್ನುವುದು ಅವಳಿಗೆ ಹೊಳೆಯಲೇ ಇಲ್ಲ. ಬೆಂಕಿ ಸುಡುತ್ತದೆ ಎಂಬುದರಷ್ಟೇ ಸಹಜವಾಗಿ ಅದನ್ನು ತಿಳಿದುಕೊಂಡು ಬೆಳೆದವಳು. ಗೊತ್ತಿಲ್ಲದವರೂ ಇರುತ್ತಾರೆ ಎಂದು ಅವಳು ಎಣಿಸಿಯೇ ಇರಲಿಲ್ಲ. ಫಿಂಟನ್ ಹತ್ತಿರದ ದಾರಿಯೆಂದು ಸೇತುವೆಯ ಕೆಳಗೇ ಹೋದ. ಮಟಮಟ ಮಧ್ಯಾಹ್ನ. ಹೆಣ ಸಿಕ್ಕಿದ್ದು ಮರುದಿನ.

ಸಾಮಾನು ಒಯ್ಯಲು ಅವನ ತಾಯಿ ಡಿಂಪ್ನಾ ಬಂದಳು. ಅಷ್ಟರಲ್ಲಿ ತೈಮಿ ಮೂರು ದಿನದಿಂದ ಒಂದೇ ಮಾತು ಬಾಯಲ್ಲಿಟ್ಟುಕೊಂಡು ಒದ್ದಾಡುತ್ತಿದ್ದಳು: ಹೇಳಿದ್ದು ನಾನೇ.

"ಸುಮ್ನಿದ್ಬಿಡು," ಎಂದಿದ್ದಳು ಬ್ರಿನಾ. "ನಿನ್ನೆದೆ ಹಗುರ ಮಾಡ್ಕೊಳ್ಳೋಕೆ ಆ ತಾಯಿ ತಲೆ ಮೇಲೆ ಹೊರಿಸ್ಬೇಡ."

ಡಿಂಪ್ನಾ ಮಗನ ಕೋಣೆಯ ಬಾಗಿಲ ಹಿಂದೆ ನೇತಾಡುತ್ತಿದ್ದ ಕೆಂಪು ಉಡುಪನ್ನು ತೆಗೆದು ಮೂಸಿದಳು. "ಒಗೆದು ಎಷ್ಟು ಕಾಲ ಆಯ್ತೋ. ಬಟ್ಟೆ ಒಗೆಯೋದು ಎಲ್ಲಿ ಇಲ್ಲಿ?"

"ಅದನ್ನ ಒಗೆಯೋ ಹಾಗಿಲ್ಲ," ಎಂದಳು ಬ್ರಿನಾ.

ತಾಯಿ ಅದನ್ನು ಮಂಚದ ಮೇಲೆ ಹರಡಿದಳು. "ಈ ಹಸಿರು ಕಾಲು ಯಾರ್ದು?"

"ನಂದು," ಎಂದಳು ತೈಮಿ. ಬ್ರಿನಾ ಕೈ ಹಿಡಿದೆಳೆದರೂ ನಿಲ್ಲಿಸಲಿಲ್ಲ. "ಐಸು ತಡೆಯುತ್ತೆ ಅಂದೋಳು ನಾನೇ. ಸೇತುವೆ ವಿಷಯ ಹೇಳಲಿಲ್ಲ. ಹೇಳ್ಬೇಕು ಅಂತ ತಲೆಗೇ ಬರಲಿಲ್ಲ."

"ಗೊತ್ತು." ಡಿಂಪ್ನಾ ಆ ಹಸಿರು ಬಟ್ಟೆಯನ್ನು ಸವರುತ್ತಲೇ ಇದ್ದಳು. "ಆವತ್ತು ಬೆಳಿಗ್ಗೆ ಫೋನ್ ಮಾಡಿದ್ದ. ಬೇಡ ಕಣೋ ಅಂದೆ. ತೈಮಿ ಇಲ್ಲೇ ಹುಟ್ಟಿ ಬೆಳೆದೋಳು, ಅವಳೇ ಹೇಳಿದಾಳೆ ಅಂದ. ಹಾಗಾದ್ರೆ ಹೋಗಪ್ಪ ಅಂದ್ಬಿಟ್ಟೆ ನಾನು."

"ಅವನ ಕಾಲು ನಿನ್ನ ಹತ್ರ ಇದೆಯಾ?" ಎಂದು ಡಿಂಪ್ನಾ ಕೇಳಿದಳು.

"ಇದೆ."

"ಬಿಚ್ಚಿ ಕೊಡು. ನಿಂದು ನೀನು ತಗೋ. ನಿಂಗೆ ಶಾಪ ಹಾಕ್ತಿಲ್ಲ ಮಗಳೇ. ಆದ್ರೆ ನಿಂದೇನೂ ನನ್ನ ಮನೇಲಿ ಬೇಡ."

ತೈಮಿ ತನ್ನ ಉಡುಪನ್ನು ತಂದು ನೆಲದ ಮೇಲೆ ಕೂತು ಹೊಲಿಗೆ ಬಿಚ್ಚತೊಡಗಿದಳು. ಒಡ್ಡೊಡ್ಡಾಗಿದ್ದರೂ ಫಿಂಟನ್ ಅದನ್ನು ಎರಡೆರಡು ಗಂಟು ಹಾಕಿ ಬಿಗಿದಿದ್ದ. ಎರಡೂ ಕಾಲು ಬಿಚ್ಚುವ ಹೊತ್ತಿಗೆ ಒಂದು ಗಂಟೆಯಾಯಿತು. ಡಿಂಪ್ನಾ ಅಲ್ಲೇ ಕೂತು ಕೆಂಪಿಗೆ ಕೆಂಪು ಸೇರಿಸಿ ಹೊಲಿದಳು, ಮಡಚಿ ಪೆಟ್ಟಿಗೆಗೆ ಇಟ್ಟಳು, ಹೊರಟುಹೋದಳು.

ಹದಿನಾರು ವರ್ಷವಾಯಿತು. ಹಸಿರು ಕಾಲನ್ನು ತೈಮಿ ತನ್ನ ಉಡುಪಿಗೆ ಮತ್ತೆ ಹೊಲಿದಿಲ್ಲ. ಅದರ ಅಂಚಿನಲ್ಲಿ ಬಿಚ್ಚದೆ ಉಳಿದ ಕೆಂಪು ದಾರದ ಗಂಟೊಂದಿದೆ. ಜನವರಿಯಲ್ಲಿ ಸೇತುವೆಗೆ ಹೊರಡುವ ದಿನ ಆ ಕಾಲನ್ನು ಮಡಚಿ ಕೋಟಿನ ಜೇಬಿಗೆ ಹಾಕಿಕೊಳ್ಳುತ್ತಾಳೆ. ಕೊನೆಯ ಹುಡುಗನೂ ಆ ಮಾತನ್ನು ಒಪ್ಪಿಸುವವರೆಗೆ ಅವಳ ಕೈ ಜೇಬಿನಲ್ಲೇ ಇರುತ್ತದೆ.