ಎರಡರಲ್ಲಿ ಒಂದು ಪಾಸು

ಹರಪನಹಳ್ಳಿಯಲ್ಲಿ ನನಗೆ ಕಂಪ್ಯೂಟರ್ ಕಲಿಸಿದ ಮೇಡಂ ಮಾತಿಗೆ ಮೊದಲು ಬಳೆಗಳನ್ನು ಮೊಳಕೈವರೆಗೆ ಸರಿಸಿಕೊಳ್ಳುತ್ತಿದ್ದರು, ಜಗಳಕ್ಕೆ ನಿಂತವರ ಹಾಗೆ. ಯಾರು ಏನೇ ಕೇಳಲಿ, "ಇದ್ದದ್ದು ಹೇಳವ್ವ, ಆಮ್ಯಾಲೆ ನೋಡಾಣ" ಎನ್ನುವರು.

ಕುರಿ ಸಾಕುವ ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು ನಾನು. ಕಷ್ಟಪಟ್ಟೇ ಗಳಿಸಿದ್ದೇನೆ, ಹೇಳಿಕೊಳ್ಳಲು ನಾಚಿಕೆಯಿಲ್ಲ. ಆಮೇಲೆ ಸೈಬರ್ ಭದ್ರತೆಯ ಸರ್ಟಿಫಿಕೇಟಿಗೆ ಬೇಕಾದ ಎರಡು ಪರೀಕ್ಷೆ ಕಟ್ಟಿದೆ. ಎರಡರಲ್ಲಿ ಒಂದು ಪಾಸಾಗಿತ್ತು, ಇನ್ನೊಂದು ಉಳಿದಿತ್ತು. ಅಷ್ಟರಲ್ಲಿ ದಾವಣಗೆರೆಯ ಬ್ಯಾಂಕೊಂದರಲ್ಲಿ ನನಗೆ ಬೇಕಾದಂಥದೇ ಕೆಲಸ ಖಾಲಿಯಾಯಿತು. ರೆಸ್ಯೂಮೆಯಲ್ಲಿ ಆ ಪರೀಕ್ಷೆಯ ಸುದ್ದಿಯನ್ನೇ ನಾನು ಎತ್ತಿರಲಿಲ್ಲ.

ಕಳಿಸುವ ಮೊದಲು ತೋರಿಸಿದಾಗ ಮೇಡಂ ಓದಿ ಬಳೆ ಸರಿಸಿದರು. "ಪಾಸಾದದ್ದು ಎಲ್ಲೈತಿ?"

"ಅರ್ಧ ಆದ ಕೆಲಸ ಹೊರಗ ಹೇಳಿದ್ರ ದೃಷ್ಟಿ ಆಗತೈತಿ ಅಂತಾಳ್ರಿ ನಮ್ಮವ್ವ."

"ಮುಚ್ಚಿಡಾಕ ಇದೇನು ಬಸುರೇನ? ಪೂರ್ತಿ ಆಗೈತಿ ಅಂತ ಬರದ್ರ ಸುಳ್ಳು. ಬರೀದಿದ್ರ ನಿನಗ ನೀನ ಮೋಸ ಮಾಡ್ಕಂಡಂಗ" ಎಂದವರೇ ತಾವೇ ಟೈಪ್ ಮಾಡಿದರು: ಎರಡು ಪರೀಕ್ಷೆಗಳಲ್ಲಿ ಒಂದು ಪಾಸಾಗಿದೆ, ಎರಡನೆಯದಕ್ಕೆ ಓದುತ್ತಿದ್ದೇನೆ.

ಸಂದರ್ಶನದಲ್ಲಿ ಅಧಿಕಾರಿಯ ಬೆರಳು ಆ ಸಾಲಿನ ಮೇಲೇ ನಿಂತಿತು.

"ಎರಡನೇದು ಯಾವಾಗ?"

"ಮುಂದಿನ ತಿಂಗಳು, ಸರ್."

"ಆಯ್ತು. ಕೆಲಸಕ್ಕೆ ಸೇರಿ, ಇಲ್ಲಿದ್ದುಕೊಂಡೇ ಬರೀರಿ."

ಹೊರಗೆ ಬಂದು ಮೇಡಂಗೆ ಫೋನ್ ಮಾಡಿ ಕೆಲಸ ಸಿಕ್ಕಿತೆಂದೆ. ಆ ಕಡೆಯಿಂದ ದೊಡ್ಡದೊಂದು ಉಸಿರು ಕೇಳಿಸಿತು.

"ಆ ಸಾಲು ಬರದಾಕಿ ನಾನು. ಅದ ಅಡ್ಡ ಬಂದ್ರ ಏನ್ ಮಾಡ್ಲಿ ಅಂತ ಮುಂಜಾನಿಂದ ತುತ್ತು ಇಳಿದಿಲ್ಲ ನೋಡು. ಫೋನ್ ಇಡವ್ವ, ಉಣ್ಣತೀನಿ."